ಬಿಡಿ ಅಯ್ಯನವರು

ನನ್ನ ಭಾವನಿಗೆ ಜನ ಇಟ್ಟ ಹೆಸರು ಬಿಡಿ ಅಯ್ಯನವರು. ಸಭೆಯ ಪಾದ್ರಿಯನ್ನು ಅಯ್ಯನವರು, ಅವರ ಹೆಂಡತಿಯನ್ನು ಅಮ್ಮನವರು ಎನ್ನುವುದು ನಮ್ಮಲ್ಲಿ ರೂಢಿ. ಮುಂದಿನ ‘ಬಿಡಿ’ ಮಾತ್ರ ಅವರ ಸ್ವಂತ ಸಂಪಾದನೆ. ಯಾರಾದರೂ ಅವರ ಕೈಚೀಲ ಹಿಡಿಯಲು ಹೋದರೆ "ಬಿಡಿ ಬಿಡಿ, ನಾನೇ ಹಿಡ್ಕೋತೀನಿ." ಕುರ್ಚಿ ಎಳೆದುಕೊಟ್ಟರೆ "ಬಿಡಿ, ನನಗೆ ಇಲ್ಲೇ ಆರಾಮ" ಎಂದು ಮೆಟ್ಟಿಲ ಮೇಲೆ ಕೂತುಬಿಡುವುದು. ಮನೆಗಳಿಗೆ ಹೋದಾಗ ಚಹಾ ಕೊಟ್ಟರೆ ಕುಡಿಯುತ್ತಿದ್ದರು, ಸುಳ್ಳು ಯಾಕೆ ಹೇಳಲಿ; ಆದರೆ ಕುಡಿದ ಮೇಲೆ ಆ ಕಪ್ಪನ್ನು ತಾವೇ ತೊಳೆದಿಟ್ಟು ಬರುತ್ತಿದ್ದರು. ಮನೆಯಾಕೆ ಅಡುಗೆಮನೆಯ ಬಾಗಿಲಲ್ಲಿ ಕೈ ಹಿಸುಕಿಕೊಂಡು ನಿಂತಿರಬೇಕು. "ಅಯ್ಯನವರು ಬರ್ತಾರೆ ಅಂದ್ರೆ ನಾನು ಬೈಬಲ್ ಆಮೇಲೆ ತೆಗೀತೀನಿ, ಮೊದಲು ಸಿಂಕ್ ಉಜ್ಜುತೀನಿ" ಎಂದು ಬೇಕರಿಯಮ್ಮ ಎಲ್ಲರನ್ನೂ ನಗಿಸುತ್ತಿದ್ದರು. ಬೀದಿಯ ಮೂಲೆಯಲ್ಲಿ ಬೇಕರಿ ನಡೆಸುವ ಅವರಿಗೆ ದನಿಯೂ ದೊಡ್ಡದು, ಮನಸ್ಸೂ ದೊಡ್ಡದು.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಕಂಬಳಿ ಹೊದಿಸಿದ ಉದ್ದನೆಯ ಮೇಜು, ಮೇಲೆ ಆವಿ, ಕೆಳಗೆ ಒದ್ದೆ ನೆಲ. ಹೋಟೆಲಿನ ಹಾಸುಬಟ್ಟೆಗಳು, ನರ್ಸುಗಳ ಕೋಟುಗಳು, ಮದುವೆಗೆ ಹೊರಟವರ ಅಂಗಿಗಳು ಎಲ್ಲ ನನ್ನ ಕೈ ದಾಟಿಯೇ ಹೋಗಬೇಕು. ಇಂಥ ನಾದಿನಿ ಇರುವಾಗ ನಮ್ಮ ಭಾವ ತಮ್ಮ ಬಿಳಿ ನಿಲುವಂಗಿಯನ್ನು ತಾವೇ ಒಗೆದು, ತಾವೇ ಇಸ್ತ್ರಿ ಮಾಡಿಕೊಂಡು ಪ್ರಸಂಗಪೀಠ ಹತ್ತುತ್ತಿದ್ದರು. ಬೆನ್ನ ಮೇಲೆ ಅಡ್ಡಾದಿಡ್ಡಿ ಮಡಿಕೆ, ಕಾಲರಿನ ಹತ್ತಿರ ಕಂದಿದ ಗುರುತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸರಿ, ಆದರೆ ನಾನೇನು ಅವರಿಗೆ ಮದ್ದು ಕುಡಿಸಲು ಹೊರಟಿದ್ದೆನೆ? ಒಂದು ಅಂಗಿ ಕೊಡಿ ಎಂದಿದ್ದೆ. "ಬಿಡಮ್ಮ, ದಿನವೆಲ್ಲ ಅದೇ ಕೆಲಸ ಮಾಡಿ ದಣಿದಿರ್ತೀಯ" ಎಂದರು. ಜನ ಅವರ ಬೆನ್ನ ಮಡಿಕೆ ನೋಡಿ "ಎಂಥ ದೀನತೆ, ತುಂಬಿದ ಕೊಡ ತುಳುಕುವುದಿಲ್ಲ" ಎನ್ನುತ್ತಿದ್ದರು. ಕೊಡದ ಬಾಯಿಯನ್ನೇ ಬಿಗಿದು ಕಟ್ಟಿದ್ದರೆ ತುಳುಕುವುದೆಲ್ಲಿಂದ ಎಂದು ನಾನು ಹಿಂದಿನ ಬೆಂಚಿನಲ್ಲಿ ಕೂತು ಕುದಿಯುತ್ತಿದ್ದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದಕ್ಕೇ ಅಕ್ಕ ನನ್ನನ್ನು ಮೆಣಸು ಎಂದೇ ಕರೆಯುತ್ತಿದ್ದದ್ದು.

ಹಾಗೆಂದು ಅವರು ಕಪಟಿಯಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಭೆಯ ಶೌಚಾಲಯದ ಕೊಳವೆ ಕಟ್ಟಿಕೊಂಡಾಗ ತೋಳು ಮಡಿಸಿ ಇಳಿದವರು ಅವರು. ಕುಡಿದು ಬಿದ್ದವನನ್ನು ಬೀದಿಯಿಂದ ಎತ್ತಿ ತಂದು ಅವನ ವಾಂತಿ ಬಳಿದವರು ಅವರು. ಮೈಯೆಲ್ಲ ಹುಣ್ಣಾಗಿ, ಮಕ್ಕಳೂ ಹತ್ತಿರ ಬಾರದ ಮುದುಕರ ಪಕ್ಕದಲ್ಲಿ ಕೂತು ಹಾಲು ಕುಡಿಸಿದವರು ಅವರು. ಆ ಕೆಲಸ ಯಾವುದನ್ನೂ ಅವರು ಪ್ರಸಂಗದಲ್ಲಿ ಬಾಯಿಬಿಟ್ಟು ಹೇಳಿಕೊಂಡವರಲ್ಲ. ಕೊಡುವುದರಲ್ಲಿ ಅವರಷ್ಟು ಬಾಗಿದ ಮನುಷ್ಯನನ್ನು ನಾನು ನೋಡಿಲ್ಲ. ತೆಗೆದುಕೊಳ್ಳುವ ಹೊತ್ತು ಬಂದರೆ ಮಾತ್ರ ಆ ಬೆನ್ನು ಬಾಗುತ್ತಿರಲಿಲ್ಲ.

ಅದು ಯಾಕೆ ಎಂದು ಅಕ್ಕ ಒಮ್ಮೆ ನನಗೆ ಹೇಳಿದ್ದಳು. ಭಾವ ಬೆಳೆದದ್ದು ಅನಾಥ ಮಕ್ಕಳ ಹಾಸ್ಟೆಲಿನಲ್ಲಿ. ವರ್ಷಕ್ಕೊಮ್ಮೆ ದಾನ ಕೊಟ್ಟವರು ಬರುತ್ತಿದ್ದರು. ಅವರು ಕೊಟ್ಟ ಕೋಟುಗಳನ್ನು ತೊಟ್ಟು ಹುಡುಗರು ಸಾಲಾಗಿ ನಿಲ್ಲಬೇಕು, ಮಾತು ಚೆನ್ನಾಗಿ ಬರುವ ಒಬ್ಬ ಮುಂದೆ ಬಂದು ಎಲ್ಲರ ಪರವಾಗಿ ಕೃತಜ್ಞತೆ ಹೇಳಬೇಕು. ಆ ಒಬ್ಬ ಯಾವಾಗಲೂ ಇವರೇ. ಒಂದು ಸಲ ಇವರು ಮಾತಾಡುತ್ತಿರುವಾಗಲೇ ದಾನಿಯೊಬ್ಬರು ಎದ್ದು ಬಂದು, ಕೋಟು ಜೋಪಾನವಾಗಿ ಇಟ್ಟುಕೊಂಡಿದ್ದಾನೋ ಇಲ್ಲವೋ ಎಂದು ಇವರ ಗುಂಡಿಗಳನ್ನು ಎಳೆದು ನೋಡಿದರಂತೆ. "ಆವತ್ತೇ ತೀರ್ಮಾನ ಮಾಡಿದ್ರಂತೆ ಮೆಣಸು, ಇನ್ಯಾರ ಮುಂದೂ ಕೈ ಒಡ್ಡಲ್ಲ ಅಂತ" ಎಂದಳು ಅಕ್ಕ. ಕೇಳಿ ನನಗೂ ಅಯ್ಯೋ ಅನ್ನಿಸಿತ್ತು. ಆದರೆ ಎಂದೋ ಯಾರೋ ಎಳೆದ ಗುಂಡಿಗೆ ನನ್ನ ಅಕ್ಕ ದಂಡ ತೆರಬೇಕಾಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿದೆ. ಭಾನುವಾರ ಪ್ರಸಂಗ ಮುಗಿದ ಮೇಲೆ ಹೆಸರು ಹೇಳುವ ಹೊತ್ತು. ಯಾರ ಮನೆಯಲ್ಲಿ ಕಾಯಿಲೆಯೋ ಸಂಕಟವೋ, ಅವರು ಕೂತಲ್ಲೇ ಎದ್ದು ನೊಂದವರ ಹೆಸರು ಹೇಳುತ್ತಾರೆ. ಅಯ್ಯನವರು ಪೀಠದಿಂದ ಆ ಹೆಸರನ್ನು ಮತ್ತೊಮ್ಮೆ ಹೇಳುತ್ತಾರೆ. ಆಗ ಸಭೆಯೆಲ್ಲ ಒಂದೇ ದನಿಯಲ್ಲಿ "ಕರ್ತನೇ, ಇವರ ಜೊತೆಗಿರು" ಎನ್ನುತ್ತದೆ. ಮಾತು ಅಷ್ಟೇ. ಆದರೆ ಅದರ ಬೆನ್ನಿಗೇ ಕೆಲಸ ಹೊರಡುತ್ತದೆ. ಹೆಸರು ಕೇಳಿಬಂದ ಮನೆಗೆ ಹೆಂಗಸರ ಕೂಟದವರು ಹೋಗಿ, ಹಾಸಿಗೆಯ ಸುತ್ತ ಕೂತು ಹಾಡಿ, ಪ್ರಾರ್ಥಿಸಿ, ಪಾತ್ರೆ ತೊಳೆದು, ನಾಲ್ಕು ಹರಟೆ ಹೊಡೆದು ಬರುತ್ತಾರೆ. ಹೆಸರು ಹೇಳದ ಮನೆಗೆ ಹಾಗೆ ನುಗ್ಗುವುದಿಲ್ಲ. ನೋವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ಅದು ನಾವು ಕೊಡುವ ಮರ್ಯಾದೆ.

ಆ ಕೂಟವನ್ನು ಕಟ್ಟಿ ಬೆಳೆಸಿದವಳೇ ಅಕ್ಕ. ಮಕ್ಕಳಿಲ್ಲದ ಅವಳಿಗೆ ಶುಕ್ರವಾರ ಮಧ್ಯಾಹ್ನ ಸೇರುವ ಆ ಹೆಂಗಸರೇ ಸಂಸಾರ. ಎಲ್ಲರೂ ಮೇಲಿನ ದನಿಯಲ್ಲಿ ಹಾಡಿದರೆ ಅಕ್ಕ ಕೆಳದನಿ ಹಿಡಿಯುತ್ತಿದ್ದಳು. ಎದ್ದು ಕಾಣದ ದನಿ ಅದು, ಆದರೆ ಅವಳು ಬಾರದ ದಿನ ಹಾಡು ಸೊರಗಿದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು. ರೋಗಿಗಳ ಮನೆಯಲ್ಲಿ ಅವಳು ಉಪದೇಶ ಮಾಡಿದವಳಲ್ಲ. ಹಾಸಿಗೆಯ ಕಾಲ್ದೆಸೆಯಲ್ಲಿ ಕೂತು ಅವರ ಪಾದ ಒತ್ತುತ್ತಾ ಊರ ಸುದ್ದಿ ಹೇಳುತ್ತಿದ್ದಳು. "ಸಾಯೋರಿಗೆ ಸ್ವರ್ಗದ ಸುದ್ದಿ ಹೇಗೂ ಸಿಗುತ್ತೆ, ಬೀದಿ ಸುದ್ದಿ ಯಾರು ಹೇಳ್ತಾರೆ?" ಎಂಬುದು ಅವಳ ವಾದ.

ಅಂಥ ಅಕ್ಕ ಹಾಸಿಗೆ ಹಿಡಿದಳು. ಮೊದಲು ಹೊಟ್ಟೆನೋವು, ಆಮೇಲೆ ಅನ್ನ ಸೇರದು, ಆಮೇಲೆ ಬಟ್ಟೆಗಳೆಲ್ಲ ಸಡಿಲ. ಭಾವ ಅವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಸೇತುವೆಯಾಚೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಹೊಟ್ಟೆಯಲ್ಲಿ ಗಡ್ಡೆ, ಕತ್ತರಿಸುವ ಹಂತ ದಾಟಿದೆ, ಮನೆಯಲ್ಲಿ ಆರಾಮವಾಗಿ ನೋಡಿಕೊಳ್ಳಿ ಎಂದರು ಡಾಕ್ಟರು. ಭಾವ ಮನೆಗೆ ಬಂದವರೇ ತೋಳು ಮಡಿಸಿದರು. ಅಡುಗೆ, ಕಸ, ಅಕ್ಕನ ಸ್ನಾನ, ಅವಳ ಬಟ್ಟೆ ಎಲ್ಲ ಅವರದೇ ಕೈ. ನಾನು ಲಾಂಡ್ರಿ ಮುಗಿಸಿ ಹೋಗುವಷ್ಟರಲ್ಲಿ ಮನೆ ಹೊಳೆಯುತ್ತಿತ್ತು. ಅವರು ಮಾಡಿದ ಬಟಾಣಿ ಸೂಪಿನ ಮೊದಲ ಚಮಚ ಬಾಯಿಗಿಟ್ಟು ಅಕ್ಕ, "ರೀ, ಇದು ಸೂಪಲ್ಲ, ಸಮುದ್ರ. ಪಾಪ, ಬಟಾಣಿ ಈಜ್ತಾ ಇದೆ" ಎಂದಳು. ಇಬ್ಬರೂ ನಕ್ಕರು. ಅವರಿಬ್ಬರಲ್ಲಿ ಪ್ರೀತಿಗೆ ಏನೂ ಕಡಿಮೆ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು.

ಅಕ್ಕನಿಗೆ ಬೇಕಾಗಿದ್ದದ್ದು ಒಂದೇ. ತನ್ನ ಹೆಂಗಸರು ಬರಬೇಕು, ತನ್ನ ಹಾಸಿಗೆಯ ಸುತ್ತಲೂ ಕೂರಬೇಕು. ಇಷ್ಟು ವರ್ಷ ತಾನು ಬೇರೆಯವರಿಗೆ ಮಾಡಿದ್ದು ತನಗೂ ಒಮ್ಮೆ ಆಗಬೇಕು. ಅದಕ್ಕೆ ಭಾವ ಭಾನುವಾರ ಅವಳ ಹೆಸರು ಹೇಳಬೇಕು, ಅಷ್ಟೆ.

ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಭಾವನನ್ನು ನಾನು ನೇರವಾಗಿ ಕೇಳಿದೆ. "ಭಾವ, ಈ ಭಾನುವಾರ ಅಕ್ಕನ ಹೆಸರು ಹೇಳ್ತೀರಲ್ಲ?"

ಅವರು ತಲೆಯೆತ್ತಲಿಲ್ಲ. "ಬಿಡಮ್ಮ. ಸಭೇಲಿ ನಮಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ? ಬಡಗಿ ಮೊಣಕಾಲು ಮುರ್ಕೊಂಡು ಕೂತಿದ್ದಾನೆ, ಮನೇಲಿ ಒಲೆ ಉರೀತಿಲ್ಲ. ಅಂಥೋರ ಮುಂದೆ ನಾನು ನಮ್ಮನೆ ಗೋಳು ಹಾಡ್ಕೊಂಡು ನಿಂತ್ಕೊಳ್ಳೋದಾ? ಕುರಿ ಕಾಯೋನು ಕುರಿ ಮೇಲೆ ಕೂತು ಹೋಗಬಾರದು."

"ಕುರಿ ಮೇಲೆ ಕೂರಿ ಅಂತ ಯಾರು ಹೇಳಿದ್ರು? ಅಕ್ಕ ಅವರ ದಾರಿ ಕಾಯ್ತಿದ್ದಾಳೆ, ಭಾವ."

"ನಾನಿದ್ದೀನಲ್ಲ."

"ನೀವಿದ್ದೀರಿ. ಆದರೆ ನೀವು ಹೆಂಗಸರ ಕೂಟ ಅಲ್ಲವಲ್ಲ!"

ಅವರು ಸಿಪ್ಪೆಗಳನ್ನು ಗುಡ್ಡೆ ಮಾಡಿ, ಮೇಜು ಒರೆಸಿ, ಒಲೆಯ ಕಡೆ ತಿರುಗಿದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಳಗಿನಿಂದ ಅಕ್ಕ ಕೆಮ್ಮಿದ್ದು ಕೇಳಿ ನುಂಗಿಕೊಂಡೆ.

ನಾನೇ ಎದ್ದು ಹೆಸರು ಹೇಳುತ್ತೇನೆ ಎಂದರೆ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಬೇಡ ಮೆಣಸು, ನನ್ನಾಣೆ. ಹೆಂಡತಿ ಸಾಯ್ತಿದ್ದಾಳೆ ಅಂತ ನಾದಿನಿ ಬಾಯಿಂದ ಗೊತ್ತಾದ್ರೆ ಇವರು ಆಮೇಲೆ ಆ ಪೀಠದ ಮೇಲೆ ಹೇಗೆ ನಿಂತ್ಕೋತಾರೆ? ನಾನು ಹೋದ್ಮೇಲೆ ಇವರನ್ನ ನೋಡ್ಕೊಳ್ಳೋರು ಸಭೆಯೋರೇ ತಾನೆ. ಅವರ ಹತ್ರ ಕೇಳೋದನ್ನ ಇವರು ಕಲೀಬೇಕು. ಇವರ ಬಾಯಿಂದಲೇ ಬರಲಿ."

ಸಭಾಭವನಕ್ಕೂ ಪಾದ್ರಿಮನೆಗೂ ನಡುವೆ ಇರುವುದು ಒಂದು ಸಣ್ಣ ಅಂಗಳ. ಶುಕ್ರವಾರ ಮಧ್ಯಾಹ್ನ ಕೂಟದವರು ಹಾಡುವುದು ಅಕ್ಕನ ಕೋಣೆಗೆ ಚೆನ್ನಾಗಿ ಕೇಳುತ್ತಿತ್ತು. ಅವಳು ಕಣ್ಣು ಮುಚ್ಚಿ, ಹೊದಿಕೆಯ ಮೇಲೆ ಬೆರಳಾಡಿಸುತ್ತಾ, ಗಂಟಲಲ್ಲೇ ತನ್ನ ಕೆಳದನಿ ಸೇರಿಸುತ್ತಿದ್ದಳು. ಹಾಡು ಮುಗಿದು ಬೆಂಚು ಎಳೆದಾಡುವ ಸದ್ದು ಕೇಳಿದಾಗ ಬಾಗಿಲ ಕಡೆ ನೋಡುತ್ತಿದ್ದಳು. ಹೆಜ್ಜೆಗಳು ಗೇಟಿನ ಕಡೆ ಹೋಗುತ್ತಿದ್ದವು.

ಅವರು ಬರಲೇ ಇಲ್ಲವೆಂದಲ್ಲ. ಬೇಕರಿಯಮ್ಮ ಒಂದು ದಿನ ಬಿಸಿ ಬ್ರೆಡ್ಡು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಭಾವ ಬಾಗಿಲನ್ನು ಅರ್ಧ ತೆರೆದು, "ಸ್ವಲ್ಪ ಸುಸ್ತು ಅಷ್ಟೇ ಅವಳಿಗೆ. ಬಿಡಿ, ಇದೆಲ್ಲ ಯಾಕೆ ತರೋಕೆ ಹೋದ್ರಿ, ಬಡಗಿ ಮನೆಗೆ ಕೊಡಿ, ಅಲ್ಲಿ ಮಕ್ಕಳಿದ್ದಾರೆ" ಎಂದು ಬ್ರೆಡ್ಡನ್ನು ಹಿಂದಕ್ಕೆ ಕಳಿಸಿದರು. ಬೇಕರಿಯಮ್ಮ ಅದನ್ನು ಎದೆಗವಚಿಕೊಂಡು ವಾಪಸು ನಡೆದದ್ದನ್ನು ಅಕ್ಕ ಕಿಟಕಿಯಿಂದ ನೋಡಿದಳು. ಆಮೇಲೆ ಮಾತು ಬೆಳೆಯಿತು. ಅಮ್ಮನವರಿಗೆ ಈಗ ನಮ್ಮ ಸಹವಾಸ ಬೇಡವಂತೆ, ಕೂಟದಲ್ಲಿ ಯಾರ ಮೇಲೋ ಮುನಿಸಂತೆ, ಇಷ್ಟು ದಿನ ಹಚ್ಚಿಕೊಂಡದ್ದೆಲ್ಲ ತೋರಿಕೆಯಂತೆ. ಲಾಂಡ್ರಿಗೆ ಬಟ್ಟೆ ಕೊಡಲು ಬಂದವರೇ ನನ್ನೆದುರು ಹೀಗೆ ಪಿಸುಗುಟ್ಟಿದರು. ಆಣೆ ಇತ್ತಲ್ಲ, ನಾನು ತುಟಿ ಕಚ್ಚಿಕೊಂಡು ಇಸ್ತ್ರಿ ಒತ್ತಿದೆ. ಆದರೆ ಭಾವನಿಗೆ ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದೆ, ಅಕ್ಕನ ಎದುರಿಗೇ.

ಅಕ್ಕ ದಿಂಬು ಸರಿಸಿ ಭಾವನ ಕಡೆ ತಿರುಗಿದಳು. ಆಮೇಲೆ ಎಂದಳು: "ರೀ, ನಿಮ್ಮನ್ನ ನಾನು ಇಷ್ಟು ವರ್ಷದಲ್ಲಿ ಏನೂ ಕೇಳಿಲ್ಲ. ನಾನು ಮುನಿಸ್ಕೊಂಡು ಸತ್ತೆ ಅಂತ ಅವರು ಅಂದ್ಕೋಬಾರದು. ಈ ಭಾನುವಾರ ನನ್ನ ಹೆಸರು ಹೇಳಿ."

ಭಾವ ಅವಳ ಕೈ ತಮ್ಮ ಕೈಯೊಳಗೆ ಇಟ್ಟುಕೊಂಡು, "ಹೇಳ್ತೀನಿ" ಎಂದರು.

ಆ ಭಾನುವಾರ ಬೆಳಿಗ್ಗೆ ಅಕ್ಕ ನನ್ನ ಕೈಲಿ ತಲೆ ಬಾಚಿಸಿಕೊಂಡಳು. ಉದುರಿ ಉಳಿದದ್ದು ನಾಲ್ಕು ಕೂದಲು, ಆದರೂ ಬೈತಲೆ ನೆಟ್ಟಗಿರಬೇಕೆಂದಳು. ದಿಂಬಿಗೆ ಒಗೆದ ಕವರು ಹಾಕಿಸಿದಳು. ಮನೆಯಲ್ಲಿದ್ದ ಕುರ್ಚಿಗಳೆಲ್ಲ ಹಾಸಿಗೆಯ ಸುತ್ತ ಬಂದವು, ಸಾಲದೆ ಅಡುಗೆಮನೆಯ ಮುಕ್ಕಾಲಿಯೂ ಬಂತು. "ಇವತ್ತೇ ಬರ್ತಾರೆ ನೋಡು. ಬೇಕರಿಯಮ್ಮನಿಗೆ ಸಾಯಂಕಾಲದ ತನಕ ತಡ್ಕೊಳ್ಳೋಕಾಗಲ್ಲ" ಎಂದು ನಕ್ಕಳು. ಆರಾಧನೆ ಕೇಳಲೆಂದು ಕಿಟಕಿ ತೆರೆಸಿಕೊಂಡಳು. ನಾನು ಅವಳನ್ನು ದಿಂಬಿಗೆ ಒರಗಿಸಿ ಸಭೆಗೆ ಓಡಿದೆ.

ಪ್ರಸಂಗ ಮುಗಿಯಿತು, ಹೆಸರು ಹೇಳುವ ಹೊತ್ತು ಬಂತು. ಬಡಗಿಯ ಹೆಂಡತಿ ಗಂಡನ ಹೆಸರು ಹೇಳಿದಳು. ಶಾಲೆಯ ಟೀಚರು ತಮ್ಮ ಅತ್ತೆಯ ಹೆಸರು ಹೇಳಿದರು. ಭಾವ ಒಂದೊಂದನ್ನೂ ಪೀಠದಿಂದ ಹೇಳಿದರು, ನಾವು ಒಂದೊಂದಕ್ಕೂ ಕರ್ತನನ್ನು ಕರೆದೆವು. ಆಮೇಲೆ ಯಾರೂ ಏಳಲಿಲ್ಲ. ಭಾವ ಪೀಠದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಬಾಯಿ ತೆರೆದರು. "ಇನ್ಯಾರಾದರೂ ಇದ್ದಾರಾ?" ಎಂದರು.  "ಇನ್ಯಾರಾದರೂ?" ಎಂದು ಮತ್ತೆ ಕೇಳಿದರು. ಜನ ಕತ್ತು ತಿರುಗಿಸಿ ಯಾರು ಏಳುತ್ತಾರೆಂದು ಹುಡುಕಿದರು. ನಾನು ಅವರ ಮುಖವನ್ನೇ ನೋಡುತ್ತಾ ಹೇಳಿ, ಹೇಳಿ ಎಂದು ಒಳಗೊಳಗೇ ಬೇಡಿಕೊಂಡೆ. ಅವರು ಕಣ್ಣು ಮುಚ್ಚಿದರು. "ಪ್ರಾರ್ಥಿಸೋಣ" ಎಂದರು.

ನಾನು ಮನೆಗೆ ಬಂದಾಗ ಅಕ್ಕ ಹಾಗೆಯೇ ಒರಗಿ ಕೂತಿದ್ದಳು, ಸುತ್ತ ಖಾಲಿ ಕುರ್ಚಿಗಳು. ತೆರೆದ ಕಿಟಕಿಯಿಂದ ಅವಳಿಗೆ ಎಲ್ಲವೂ ಕೇಳಿಸಿತ್ತು. ಭಾವ ಬಂದು ಬಾಗಿಲಲ್ಲಿ ನಿಂತರು. ಅಕ್ಕ ಅವರ ಕಡೆ ನೋಡಿದಳು. "ಊಟ ಮಾಡಿ, ಹೊತ್ತಾಯ್ತು" ಎಂದಳು. ಅವರು "ಮುಂದಿನ ವಾರ ಖಂಡಿತ..." ಎಂದು ಶುರು ಮಾಡಿದರು. "ಹ್ಞೂಂ" ಎಂದಳು. ನಾನು ಕುರ್ಚಿಗಳನ್ನು ಎತ್ತಿಡಲು ಹೋದರೆ ತಡೆದಳು. "ಇರ್ಲಿ ಬಿಡು ಮೆಣಸು, ಮುಂದಿನ ವಾರ ಬೇಕಾಗುತ್ತಲ್ಲ."

ಮುಂದಿನ ಭಾನುವಾರದ ತನಕ ಅವಳು ಉಳಿಯಲಿಲ್ಲ. ಬುಧವಾರ ಬೆಳಿಗ್ಗೆ, ಭಾವ ಅವಳ ಮೈ ಒರೆಸಲು ನೀರು ಕಾಯಿಸುತ್ತಿದ್ದಾಗ ಹೋದಳು.

ಸುದ್ದಿ ಕೇಳಿ ಹೆಂಗಸರು ಬಂದರು, ಅಂಗಳ ತುಂಬ, ಕೈಗೆ ಅಂಟಿದ ಹಿಟ್ಟಿನ ಸಮೇತ. ಒಳಗೆ ಬಂದು ಅಕ್ಕನ ಮೈ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. ಅದು ಒಂದೆರಡು ದಿನದ ಸುಸ್ತಿನ ಮೈಯಲ್ಲ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಕುರ್ಚಿಗಳಲ್ಲಿ ಕೂತು ಹಾಡಲು ನೋಡಿದರು, ಆಗಲಿಲ್ಲ. ನಾನು ಆಣೆಯಿಂದ ಬಿಡುಗಡೆಯಾದವಳು, ಎಲ್ಲವನ್ನೂ ಹೇಳಿಬಿಟ್ಟೆ. ಬೇಕರಿಯಮ್ಮ ಎದ್ದು ಭಾವನ ಎದುರು ಹೋಗಿ ನಿಂತರು.

"ನನ್ನ ಮಗ ಜೈಲಿಗೆ ಹೋದಾಗ ನಾನು ನಿಮಗೆ ಬಾಗಿಲು ಹಾಕಿದ್ನಾ ಅಯ್ಯನವರೇ? ಸಭೇಲಿ ಎದ್ದು ನಿಂತು ಅವನ ಹೆಸರು ಹೇಳಿದೆ. ನಾಚಿಕೆ ನುಂಗಿಕೊಂಡು ಹೇಳಿದೆ. ನೀವು ಬಂದ್ರಿ, ನಮ್ಮನೆ ಕೊಳಕೆಲ್ಲ ನೋಡಿದ್ರಿ, ನಮ್ಮ ಎಂಜಲು ಕಪ್ಪು ತೊಳೆದ್ರಿ. ನಿಮ್ಮದು ಒಂದೇ ಒಂದು ಕಪ್ಪು ನಮ್ಮ ಕೈಲಿ ತೊಳೆಸಲಿಲ್ಲ. ನಾವು ಅಷ್ಟು ಕೀಳಾ ನಿಮಗೆ?"

ಕೀಳು ಎಂಬ ಮಾತು ಕೇಳಿ ಭಾವ ಬೆಚ್ಚಿದರು. ಜನ್ಮದಲ್ಲಿ ಯಾರನ್ನೂ ಕೀಳಾಗಿ ಕಾಣಬಾರದೆಂದೇ ನೆಲದ ಮೇಲೆ ಕೂತ ಮನುಷ್ಯ. ತಾವು ಎಲ್ಲರಿಗಿಂತ ಕೆಳಗೆ ಕೂತಿದ್ದೇವೆಂದುಕೊಂಡೇ ಎಲ್ಲರಿಗಿಂತ ಮೇಲೆ ಕೂತಿದ್ದರು. ಅದು ಅವರಿಗೆ ಆ ಕ್ಷಣ ಹೊಳೆಯಿತೆಂದು ನನಗೆ ತೋರುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನಗೆ ಅವರ ಮೇಲೆ ಕನಿಕರ ಹುಟ್ಟಲಿಲ್ಲ. ಅಕ್ಕ ತಣ್ಣಗೆ ಮಲಗಿದ್ದಳು.

ಸಮಾಧಿಯಾಯಿತು. ಆ ಭಾನುವಾರ ಬೇರೆ ಊರಿನ ಪಾದ್ರಿಯನ್ನು ಕರೆಸೋಣವೆಂದು ಹಿರಿಯರು ಹೇಳಿದರೂ ಭಾವ ಒಪ್ಪಲಿಲ್ಲ, ತಾವೇ ಪೀಠ ಹತ್ತಿದರು. ಪ್ರಸಂಗ ಬೇಗ ಮುಗಿಯಿತು. ಏನು ಹೇಳಿದರೋ, ಯಾರಿಗೂ ನೆನಪಿಲ್ಲ. ಹೆಸರು ಹೇಳುವ ಹೊತ್ತಿಗೆ ಯಾರೂ ಏಳಲಿಲ್ಲ. ಆಗ ಅವರು ಪೀಠದ ಮೆಟ್ಟಿಲಿಳಿದು ಬಂದು, ನಮ್ಮ ಬೆಂಚುಗಳ ನಡುವೆ ನಿಂತು, ಖಾಲಿ ಪೀಠದ ಕಡೆ ಮುಖ ಮಾಡಿ ಅಕ್ಕನ ಹೆಸರು ಹೇಳಿದರು.

ನಾವು ಸತ್ತವರಿಗಾಗಿ ಪ್ರಾರ್ಥಿಸುವ ಸಭೆಯವರಲ್ಲ. ಹೋದವರು ಕರ್ತನ ಕೈ ಸೇರಿದ್ದಾರೆ, ಅವರಿಗಾಗಿ ಬೇಡುವುದೇನೂ ಉಳಿದಿಲ್ಲ ಎಂದು ನಂಬುವವರು. ನಮ್ಮ ಮಕ್ಕಳಿಗೆ ಅದನ್ನು ಕಲಿಸಿದವರು ಭಾವನೇ. ಹಾಗಾಗಿ ಯಾರ ಬಾಯಿಂದಲೂ ಆ ಮಾತು ಹೊರಡಲಿಲ್ಲ. ಅವರು ಇನ್ನೊಮ್ಮೆ ಅಕ್ಕನ ಹೆಸರು ಹೇಳಿ ಕಾದರು.  ಒಬ್ಬ ಮನುಷ್ಯ ಕೇಳಬೇಕಾದದ್ದನ್ನು ಕೇಳಬೇಕಾದ ದಿನ ಕೇಳಲಿಲ್ಲ; ಕೊನೆಗೆ ಕೇಳಿದಾಗ ಕೊಡಲು ಯಾರ ಬಳಿಯೂ ಏನೂ ಇರಲಿಲ್ಲ.

ಬೇಕರಿಯಮ್ಮ ಎದ್ದರು. ಅಂದಿನ ಸಿಟ್ಟು ಅವರ ದನಿಯಲ್ಲಿರಲಿಲ್ಲ. "ಅಮ್ಮನವರಿಗೆ ಈಗ ನಮ್ಮ ಪ್ರಾರ್ಥನೆ ಬೇಡ ಅಯ್ಯನವರೇ. ಆಗ ಬೇಕಿತ್ತು. ಈಗ ಬೇಕಾಗಿರೋರ ಹೆಸರು ಹೇಳಿ."

ಭಾವ ಪಕ್ಕದ ಬೆಂಚನ್ನು ಹಿಡಿದುಕೊಂಡರು. ತಲೆ ಅಲ್ಲಾಡಿಸಿದರು. ಬೇಕರಿಯಮ್ಮ ಕೂರಲಿಲ್ಲ, ಕಾದರು. ನಾವೆಲ್ಲ ಕಾದೆವು. ಕೊನೆಗೆ ಭಾವ ತಮ್ಮ ಹೆಸರು ಹೇಳಿದರು, ಅಯ್ಯನವರು ಎಂಬುದಿಲ್ಲದ ಬರಿಯ ಹೆಸರು. ನಮ್ಮಲ್ಲಿ ಎಷ್ಟೋ ಜನ ಅದನ್ನು ಕೇಳಿದ್ದೇ ಅಂದು. ಬೇಕರಿಯಮ್ಮ ನಿಂತಲ್ಲಿಂದಲೇ ಆ ಹೆಸರನ್ನು ಮತ್ತೆ ಹೇಳಿದರು. ಸಭೆ "ಕರ್ತನೇ, ಇವರ ಜೊತೆಗಿರು" ಎಂದಿತು. ನನಗೆ ಎಲ್ಲರ ಜೊತೆ ಹೇಳಲಾಗಲಿಲ್ಲ. ಎಲ್ಲರೂ ಹೇಳಿ ಮುಗಿಸಿದ ಮೇಲೆ ಒಬ್ಬಳೇ ಹೇಳಿದೆ, ಅಕ್ಕ ಇದ್ದಿದ್ದರೆ ಹೇಳೆಂದು ತಿವಿಯುತ್ತಿದ್ದಳು ಎಂಬ ಒಂದೇ ಕಾರಣಕ್ಕೆ.

ಅಂದು ಮಧ್ಯಾಹ್ನವೇ ಹೆಂಗಸರು ಪಾದ್ರಿಮನೆಗೆ ಬಂದರು. ಭಾವ ಬಾಗಿಲನ್ನು ಪೂರ್ತಿ ತೆರೆದು "ಬನ್ನಿ" ಎಂದರು. ಒಂದೇ ಒಂದು ವಾರ ಮೊದಲು ಆ ಬಾಗಿಲು ಹಾಗೆ ತೆರೆದಿದ್ದರೆ, ಒಳಗೆ ಅಕ್ಕ ತಲೆ ಬಾಚಿಸಿಕೊಂಡು ಅವರಿಗಾಗಿ ಕಾಯುತ್ತಿದ್ದಳು.